ಒಂದಕ್ಕಾ ಕೌನ್ ಹೈ?

ಕಳೆದ ಎರಡು ತಿಂಗಳು ಈ ಅಂಕಣ ಬರಲಿಲ್ಲ. ಪುಣೆಯಿಂದ, ಸಿಕಂದರಾಬಾದಿನಿಂದ "ಯಾಕ ಬರದಿಲ್ಲರೀ?" ಎಂದು ಕೇಳಿದವರಿಗೆಲ್ಲ "ಮನೆಯಲ್ಲಿ ಆರೋಗ್ಯ ಸರಿಯಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಿದ್ದೆ. ಜುಲೈ ಮೊದಲ ವಾರ ನಮ್ಮವರಿಗೆ ಪಾರ್ಶ್ವವಾಯು ಆಯಿತು. ಮೆದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿತ್ತು. ಬಲಗೈ ಹೋಯಿತು, ಬಲಗಾಲು ಹೋಯಿತು, ಜೊತೆಗೆ ಮಾತೂ ಹೋಯಿತು.

ಪಾರ್ಶ್ವವಾಯುವಿನ ಬಗ್ಗೆ ನಾನಿಲ್ಲಿ ಬರೆಯುವುದಿಲ್ಲ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಓಡಿ, ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿಸಿ ಎಂಬುದು ನಿಮಗೆಲ್ಲ ಗೊತ್ತಿದೆ. ನನಗೂ ಗೊತ್ತಿತ್ತು, ಓಡಿದ್ದೆವು. ನನಗೆ ಗೊತ್ತಿಲ್ಲದೇ ಇದ್ದದ್ದು ಆಮೇಲಿನದು. ಜೀವ ಉಳಿದು, ಐಸಿಯುನಿಂದ ಹೊರಬಂದು, "ಇನ್ನು ಫಿಸಿಯೋಥೆರಪಿ ಮಾಡಿದರೆ ನಡೆದಾಡುತ್ತಾರೆ" ಎಂದು ಎಲ್ಲರೂ ಸಮಾಧಾನಪಟ್ಟುಕೊಂಡ ಮೇಲೆ, ಆಸ್ಪತ್ರೆಯಲ್ಲೇ, ಅವರು ಬಿದ್ದರು. ಆ ಒಂದು ಬೀಳುವಿಕೆ ನಮ್ಮಿಂದ ಹನ್ನೆರಡು ದಿನ ಕಸಿದುಕೊಂಡಿತು. ಅದರಲ್ಲಿ ಹೆಚ್ಚಿನ ದಿನಗಳನ್ನು ಕಳೆದವಳು ನಾನೇ ಎಂಬುದು ಆಮೇಲೆ ಗೊತ್ತಾಯಿತು.

ಇವರು ಮೂವತ್ತೆಂಟು ವರ್ಷ ಡೊಂಬಿವಲಿಯಿಂದ ಫೋರ್ಟ್‌ಗೆ ಲೋಕಲ್‌ನಲ್ಲಿ ಹೋಗಿಬಂದವರು. ಮುಂಬೈಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ಎಂದರೆ ನಿಲ್ಲಲು ಒಂದೇ ಕಾಲಿಗೆ ಜಾಗ. ಆ ನೂಕಿನಲ್ಲಿ ಮೇಲಿನ ಹಿಡಿಯನ್ನೂ ಹಿಡಿಯದೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಓದುತ್ತ ನಿಂತಿರುತ್ತಿದ್ದರು ಎಂದು ಅವರ ಗೆಳೆಯರು ಈಗಲೂ ಹೇಳುತ್ತಾರೆ. ಅಂಥವರು ಎರಡಡಿ ಎತ್ತರದ ಮಂಚದಿಂದ ಇಳಿಯುವಾಗ ಬಿದ್ದರು.

ಒಂಬತ್ತನೆಯ ದಿನ ಅವರನ್ನು ಪುನಶ್ಚೇತನ ವಾರ್ಡಿಗೆ ಹಾಕಿದ್ದರು. ರಾತ್ರಿ ನಾನು ಅಲ್ಲಿ ಮಲಗುವಂತಿರಲಿಲ್ಲ. ನನ್ನ ಮೊಣಕಾಲಿನ ಸ್ಥಿತಿ ನೋಡಿ ಮಗಳೇ ಬೈದು ಮನೆಗೆ ಕಳಿಸುತ್ತಿದ್ದಳು. ಬ್ಯೂರೋದಿಂದ ಒಬ್ಬ ಹುಡುಗನನ್ನು ರಾತ್ರಿಗೆ ಗೊತ್ತುಮಾಡಿದ್ದೆವು. ರತ್ನಾಗಿರಿ ಕಡೆಯವನು, ಒಳ್ಳೆಯವನು, ಮೈಗಳ್ಳನಲ್ಲ. ವಾರ್ಡಿನಲ್ಲಿ ಆರನೆಯ ರಾತ್ರಿ, ಮೂರೂವರೆಯ ಸುಮಾರಿಗೆ, ಇವರು ನೆಲದ ಮೇಲೆ ಬಿದ್ದಿದ್ದಾರೆ ಎಂದು ಫೋನ್ ಬಂತು. ನಾನು ತಲುಪುವ ಹೊತ್ತಿಗೆ ಮತ್ತೆ ಮಂಚದ ಮೇಲೆ ಮಲಗಿಸಿದ್ದರು. ಬಲ ಮೊಣಕೈ ಕಿತ್ತಿತ್ತು, ಸೊಂಟದ ಬಲಬದಿ ನೀಲಿಗಟ್ಟುತ್ತಿತ್ತು. ಎಕ್ಸ್‌ರೇ ತೆಗೆದರು, ತಲೆಯ ಸಿಟಿ ಸ್ಕ್ಯಾನ್ ಮಾಡಿದರು. ರಕ್ತ ತೆಳುವಾಗಿಸುವ ಗುಳಿಗೆ ನಡೆಯುತ್ತಿರುವಾಗ ತಲೆಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದರೂ ಸ್ಕ್ಯಾನ್ ಬೇಕು. ಏನೂ ಮುರಿದಿರಲಿಲ್ಲ. "ನಶೀಬ್ ಚಾಂಗ್ಲ" ಎಂದರು ಸಿಸ್ಟರ್.

ಬೆಳಿಗ್ಗೆ ಆ ಹುಡುಗ ಅಳುಮುಖ ಮಾಡಿಕೊಂಡು ನನ್ನ ಹತ್ತಿರ ಬಂದ. "ಆಂಟೀ, ಏ ಒಂದಕ್ಕಾ ಕೌನ್ ಹೈ?" ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ರಾತ್ರಿ ಮೂರು ಗಂಟೆಗೆ ಕಾಕಾ ಎದ್ದು ಒಂದಕ್ಕಾ, ಒಂದಕ್ಕಾ ಎಂದು ಕರೆಯುತ್ತಿದ್ದರು. ನಿಮ್ಮಲ್ಲಿ ಅಕ್ಕ ಎಂದರೆ ದೀದಿ ಅಲ್ಲವೇ, ಯಾವುದೋ ಅಕ್ಕನನ್ನು ನೆನೆಸಿಕೊಳ್ಳುತ್ತಿದ್ದಾರೆ, ಕನಸು ಬಿದ್ದಿರಬೇಕು ಅಂದುಕೊಂಡೆ. ಚಾದರ ಹೊದಿಸಿ, ತಲೆ ಸವರಿ, ಮಲಗಿ ಎಂದೆ. ಆಮೇಲೆ ನನಗೂ ಕಣ್ಣು ಹತ್ತಿತು.

ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರೂ ಊಹಿಸಿರುತ್ತೀರಿ. ಒಂದಕ್ಕ ಹೋಗಬೇಕು ಎಂದು ಅವರು ಕೇಳಿದ್ದರು. ಸಣ್ಣ ಶಾಲೆಯಲ್ಲಿ ಮಾಸ್ತರರನ್ನು ಕೇಳಿದ ಹಾಗೆ ಕೇಳಿದ್ದರು. ಯಾರೂ ಕರೆದೊಯ್ಯಲಿಲ್ಲ. ಇಪ್ಪತ್ತು ನಿಮಿಷ ತಡೆದುಕೊಂಡು, ಕೊನೆಗೆ ತಾವೇ ಎದ್ದರು.

ಇವರ ಮರಾಠಿ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹಿಂದಿ ಇತ್ತು, ಕಚೇರಿಯ ಇಂಗ್ಲಿಷ್ ಇತ್ತು. ಪಾರ್ಶ್ವವಾಯು ಆದ ಮೇಲೆ ಉಳಿದದ್ದು ಹತ್ತು ಹದಿನೈದು ಶಬ್ದ, ಅವೂ ಧಾರವಾಡದ ಓಣಿಯವು. ಮನೆಮಾತೇ ಮೊದಲು ಮರಳುತ್ತದೆಂಬ ನಿಯಮವೇನಿಲ್ಲ ಎಂದರು ವಾಕ್‌ಚಿಕಿತ್ಸಕರು. ಬಹಳ ಮಂದಿಗೆ ಬಲ್ಲ ಭಾಷೆಗಳೆಲ್ಲ ಒಟ್ಟಿಗೆ ಕುಂದಿ ಒಟ್ಟಿಗೆ ಮರಳುತ್ತವೆ, ಕೆಲವರಿಗೆ ಮಾತ್ರ ಒಂದು ಮುಂದೆ, ಒಂದು ಹಿಂದೆ. ಇವರದು ಕನ್ನಡ ಮುಂದೆ. ಮುಂಬೈಯ ಆಸ್ಪತ್ರೆಯಲ್ಲಿ, ರಾತ್ರಿ ಮೂರು ಗಂಟೆಗೆ, ಕನ್ನಡ ಬಲ್ಲವರು ಒಬ್ಬರೂ ಇಲ್ಲದ ವಾರ್ಡಿನಲ್ಲಿ.

ಆಸ್ಪತ್ರೆಯವರು ಮುಂದೆ ಮಾಡಿದ್ದು ಇಷ್ಟು. ಮಂಚದ ಎರಡೂ ಬದಿಯ ಕಂಬಿ ಎತ್ತಿದರು. ತಲೆದೆಸೆಗೆ ಹಳದಿ ಬಣ್ಣದ, ಬೀಳುವ ಅಪಾಯ ಎಂಬ ಚೀಟಿ ತೂಗುಹಾಕಿದರು. ಮುಂದಿನ ರಾತ್ರಿ ಎಡಗೈಯನ್ನು, ಅಂದರೆ ಅವರ ಒಂದೇ ಒಂದು ಕೆಲಸದ ಕೈಯನ್ನು, ಬ್ಯಾಂಡೇಜಿನಿಂದ ಸಡಿಲವಾಗಿ ಕಂಬಿಗೆ ಕಟ್ಟಿದರು. "ಸೇಫ್ಟಿಗೆ ಆಂಟೀ." ಅದನ್ನು ನೋಡಿ ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಇನ್ನು ಬೀಳುವುದಿಲ್ಲವಲ್ಲ ಅಂತ.

ಎರಡು ದಿನ ಫಿಸಿಯೋಥೆರಪಿ ನಿಲ್ಲಿಸಿದರು. ಮೂರನೆಯ ದಿನ ಫಿಸಿಯೋ ಹುಡುಗಿ ಬಂದಾಗ ಇವರು ತಲೆ ಅಲ್ಲಾಡಿಸಿದರು. ಕೂರಿಸಲು ಬೆನ್ನಿಗೆ ಕೈ ಹಾಕಿದರೆ ಎಡಗೈಯಿಂದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನೇ ಅಡ್ಡ ಬಂದೆ. "ಬ್ಯಾಡವಾ, ಇನ್ನೊಂದು ವಾರ ಹೋಗಲಿ, ನೋವು ಕಡಿಮೆಯಾಗಲಿ." ಆಮೇಲೆ ಶನಿವಾರ ಬಂತು, ಮಗಳು ಬೆಂಗಳೂರಿಗೆ ಮರಳಿದಳು, ನಾನು ಇನ್ನೂ ಹೆದರಿದೆ. ನೋಡಲು ಬಂದ ಬಂಧುಗಳೂ ಹಾಗೇ ಹೇಳಿದರು. ಎಬ್ಬಿಸಬೇಡಿ, ಮತ್ತೆ ಬಿದ್ದು ಸೊಂಟ ಮುರಿದರೆ ಗತಿಯೇನು? ಒಬ್ಬರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬೀಳುವ ಮೊದಲು ಇಬ್ಬರ ಆಸರೆಯಲ್ಲಿ ಪ್ಯಾರಲಲ್ ಬಾರ್‌ನ ನಡುವೆ ನಾಲ್ಕು ಹೆಜ್ಜೆ ಹಾಕಿದ್ದರು. ಹನ್ನೆರಡು ದಿನದ ನಂತರ ಮಂಚದ ಅಂಚಿನಲ್ಲಿ ಕೂತರೆ ತಲೆ ತಿರುಗುತ್ತಿತ್ತು, ಬಲಕ್ಕೆ ವಾಲುತ್ತಿದ್ದರು. ಪಾದ ಕೆಳಮುಖವಾಗಿ ಬಿಗಿಯತೊಡಗಿತ್ತು.

ಫಿಸಿಯೋ ಹುಡುಗಿ ಸೊಲ್ಲಾಪುರದವಳು. ತಾಯಿ ಅಕ್ಕಲಕೋಟೆಯವರಂತೆ, ಹಾಗಾಗಿ ಮುರುಕು ಕನ್ನಡ ಬರುತ್ತಿತ್ತು. ಅವಳು ಹದಿಮೂರನೆಯ ದಿನ ನನ್ನನ್ನು ಕ್ಯಾಂಟೀನಿಗೆ ಕರೆದೊಯ್ದಳು. "ಕಾಕೂ, ಸಿಟ್ಟಾಗಬ್ಯಾಡ್ರಿ" ಎಂದು ಶುರುಮಾಡಿದಳು. ಪಾರ್ಶ್ವವಾಯು ಆದ ಮೊದಲ ಮೂರು ತಿಂಗಳಲ್ಲಿ ಮೆದುಳು ಹೊಸ ದಾರಿ ಹುಡುಕುವಷ್ಟು ಆಮೇಲೆ ಹುಡುಕುವುದಿಲ್ಲ. ಆಮೇಲೂ ಸುಧಾರಣೆ ಆಗುತ್ತದೆ, ಆದರೆ ನಿಧಾನ. ನೀವು ಈ ತೊಂಬತ್ತು ದಿನದಲ್ಲಿ ಹನ್ನೆರಡು ದಿನ ಕೊಟ್ಟುಬಿಟ್ಟಿರಿ. ಬಿದ್ದದ್ದರಿಂದ ಕಾಕಾನ ಮೊಣಕೈ ಮಾತ್ರ ಕಿತ್ತಿತ್ತು.

ಸಿಟ್ಟು ಬಂತು. ಯಾವುದೋ ಆಸ್ಪತ್ರೆಯ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಅನ್ನಿಸಿತು. ಅವಳು ಫೋನ್ ತೆಗೆದು ಒಂದು ಹಳೆಯ ಲೇಖನ ತೋರಿಸಿದಳು. ಸ್ವೀಡನ್ನಿನ ಉತ್ತರದಲ್ಲಿ ಉಮಿಯೊ ಎಂಬ ಊರು. ಅಲ್ಲಿನ ಲಾರ್ಸ್ ನೈಬರ್ಗ್ ಮತ್ತು ಇಂಗ್ವೆ ಗುಸ್ಟಾಫ್ಸನ್ ಎಂಬ ಇಬ್ಬರು 1995ರಲ್ಲಿ ಸ್ಟ್ರೋಕ್ ಎಂಬ ವೈದ್ಯಪತ್ರಿಕೆಯಲ್ಲಿ ಬರೆದದ್ದು. ಪುನಶ್ಚೇತನ ವಾರ್ಡಿನ 161 ಪಾರ್ಶ್ವವಾಯು ರೋಗಿಗಳನ್ನು ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಗಮನಿಸಿದ್ದರು. ಅವರಲ್ಲಿ 62 ಮಂದಿ ಬಿದ್ದಿದ್ದರು, ಒಟ್ಟು 153 ಸಲ. ಐವರಲ್ಲಿ ಇಬ್ಬರು! ಅದೂ ಸ್ವೀಡನ್ನಿನಂಥ ದೇಶದಲ್ಲಿ. ನನಗೆ ಅಚ್ಚರಿ ಹುಟ್ಟಿಸಿದ್ದು ಅದರ ಮುಂದಿನದು. ಆ 153ರಲ್ಲಿ ಮೂಳೆ ಮುರಿತ ಅಥವಾ ಗಂಭೀರ ಗಾಯ ಆದದ್ದು 6 ಸಲ. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ ಗಾಯವೇ ಇಲ್ಲ. ಹೆಚ್ಚಿನವರು ನಡೆಯುವಾಗ ಬಿದ್ದಿರಲಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಹೋಗುವಾಗ, ಅಥವಾ ಗಾಲಿಕುರ್ಚಿಯಲ್ಲಿ ಸುಮ್ಮನೆ ಕೂತಲ್ಲಿಂದಲೇ ಬಿದ್ದಿದ್ದರು.

ಮುರಿತದ ಭಯ ಸುಳ್ಳೆಂದು ಅವಳೂ ಹೇಳಲಿಲ್ಲ. ಲಕ್ವ ಹೊಡೆದ ಬದಿಯ ಮೂಳೆ ಭಾರ ಹೊರದೆ ತಿಂಗಳುಗಳಲ್ಲಿ ಟೊಳ್ಳಾಗುತ್ತದೆ. ಬೀಳುವುದೂ ಹೆಚ್ಚಾಗಿ ಅದೇ ಬದಿಗೆ, ಊರಲು ಆ ಕೈಯೂ ಇಲ್ಲ. ಅದಕ್ಕೇ ಸೊಂಟದ ಮೂಳೆ ಮುರಿದರೆ ಸಾಮಾನ್ಯವಾಗಿ ಬಲಹೀನ ಬದಿಯದೇ ಮುರಿಯುತ್ತದೆ. ಆದರೆ ಹಾಸಿಗೆಯಲ್ಲಿ ಮಲಗಿಸಿಟ್ಟರೆ ಆ ಮೂಳೆ ಇನ್ನೂ ಬೇಗ ಟೊಳ್ಳಾಗುತ್ತದೆ, ಮಾಂಸಖಂಡ ಇನ್ನೂ ಕರಗುತ್ತದೆ. ಮುಂದೆ ಯಾವತ್ತಾದರೂ ಎದ್ದಾಗ ಬೀಳುವ ಸಂಭವ ಹೆಚ್ಚೇ ಆಗುತ್ತದೆ. ಹೆದರಿ ಮಲಗಿಸಿದಷ್ಟೂ ಹೆದರಲು ಕಾರಣ ಬೆಳೆಯುತ್ತದೆ ಎಂದಳು. ಹಾಗೆಂದು ಮೊದಲ ದಿನದಿಂದಲೇ ಓಡಾಡಿಸಬೇಕೆಂದೂ ಅಲ್ಲ. ಮೊದಲ 24 ಗಂಟೆಯಲ್ಲೇ ಪದೇ ಪದೇ ಎಬ್ಬಿಸಿ ನಿಲ್ಲಿಸಿದವರಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಯಿತೆಂದು 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, 2,104 ರೋಗಿಗಳ ದೊಡ್ಡ ಅಧ್ಯಯನ ತೋರಿಸಿದೆ. ನಮ್ಮವರು ಆ ಹಂತ ದಾಟಿ ಎರಡು ವಾರವಾಗಿತ್ತು.

ಆಮೇಲೆ ಅವಳು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ. "ಕಾಕಾ ಹ್ಯಾಂಗ ಬಿದ್ರು? ಯಾರಾದ್ರೂ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಎಷ್ಟು ಪೆಟ್ಟಾಯಿತು ಎಂದು ಎಲ್ಲರೂ ಕೇಳಿದ್ದರು. ಯಾರ ತಪ್ಪು ಎಂದು ನಾನು ಕೇಳಿದ್ದೆ. ಯಾವಾಗ, ಯಾತಕ್ಕೆ ಎದ್ದರು, ಯಾವ ಬದಿಯಿಂದ ಇಳಿದರು, ಕಾಲಲ್ಲಿ ಏನಿತ್ತು ಎಂಬುದು ಯಾರಿಗೂ ಬೇಕಿರಲಿಲ್ಲ. ಫಾರ್ಮಿನಲ್ಲಿ ರೋಗಿ ಹಾಸಿಗೆಯಿಂದ ಬಿದ್ದರು ಎಂದು ಬರೆದು ಸಹಿ ಹಾಕಿದ್ದರು. ಅವಳು ಆ ರತ್ನಾಗಿರಿಯ ಹುಡುಗನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಮಂಚದ ಎಡಬದಿ ಗೋಡೆಗೆ ತಾಗಿತ್ತು. ಹಾಗಾಗಿ ಇಳಿಯಲು ಇದ್ದದ್ದು ಬಲಬದಿ ಮಾತ್ರ, ಸತ್ತ ಕಾಲಿನ ಬದಿ. ಕರೆಗಂಟೆಯ ಗುಂಡಿಯೂ ಬಲಕ್ಕೇ ತೂಗುತ್ತಿತ್ತು, ಅದಕ್ಕೆ ಆ ಕೈ ಏಳುವುದಿಲ್ಲ. ಕಾಲಲ್ಲಿ ಚಳಿಗೆಂದು ನಾನೇ ಹಾಕಿದ ಉಣ್ಣೆಯ ಕಾಲುಚೀಲ. ಹೊರಗೆ ಜುಲೈ ಮಳೆ, ನೋಡಲು ಬಂದವರ ಛತ್ರಿಯ ನೀರು ಇಡೀ ಸಂಜೆ ಟೈಲ್ಸ್ ಮೇಲೆ ಹರಿದಿತ್ತು. ರಾತ್ರಿ ಊಟದ ಜೊತೆ ಮೂತ್ರ ಹೆಚ್ಚಿಸುವ ಗುಳಿಗೆ ಬೇರೆ. ಇಷ್ಟೆಲ್ಲ ಒಟ್ಟಾದ ಮೇಲೆ ಮೂರೂವರೆಗೆ ಬೀಳದೆ ಇನ್ನೇನು!

ಗುಳಿಗೆಯನ್ನು ಡಾಕ್ಟರು ಬೆಳಗಿನ ಹೊತ್ತಿಗೆ ಬದಲಿಸಿದರು. ಎರಡು ಸೆಕೆಂಡಿನ ಕೆಲಸ. ಮಂಚವನ್ನು ತಿರುಗಿಸಿ ಬಲಬದಿ ಗೋಡೆಗೆ ತಾಗಿಸಿದೆವು, ಕೆಳಕ್ಕೆ ಇಳಿಸಿದೆವು. ಗಂಟೆಯನ್ನು ಎಡಗೈಗೆ ಎಟಕುವಂತೆ ಕಟ್ಟಿದೆವು. ಕೈಕಟ್ಟು ಬಿಚ್ಚಿಸಿದೆ. ಅದಕ್ಕೆ ಮಾತ್ರ ಸ್ವಲ್ಪ ಗದ್ದಲ ಮಾಡಬೇಕಾಯಿತು. ಎತ್ತಿದ ಕಂಬಿ ಕೂಡ ಎಲ್ಲರನ್ನೂ ಕಾಯುವುದಿಲ್ಲ. ಏಳಲೇಬೇಕೆಂದು ಹಟ ಹಿಡಿದವರು ಅದನ್ನು ಹತ್ತಿ ದಾಟಲು ಹೋಗಿ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ ಎಂದು ಹಿರಿಯ ಸಿಸ್ಟರ್ ಒಬ್ಬರೇ ಒಪ್ಪಿಕೊಂಡರು. ರಾತ್ರಿ ಹತ್ತಕ್ಕೆ, ಎರಡಕ್ಕೆ, ಐದಕ್ಕೆ ಕೇಳಲಿ ಬಿಡಲಿ ಕರೆದೊಯ್ಯುವುದು ಅಥವಾ ಪಾಟ್ ಕೊಡುವುದು ಎಂದು ನಿಶ್ಚಯವಾಯಿತು. ಆಸ್ಪತ್ರೆಯಲ್ಲಿ ಬೀಳುವವರಲ್ಲಿ ಎಷ್ಟೋ ಜನ ಶೌಚಕ್ಕೆ ಹೊರಟವರೇ. ಇದರಲ್ಲಿ ನಾಚಿಕೆಯ ಪಾಲೂ ದೊಡ್ಡದು. ಇವರು ಹಗಲಲ್ಲಿ ಹೆಣ್ಣುಮಗಳಾದ ಸಿಸ್ಟರನ್ನು ಕೇಳಲೊಲ್ಲದೆ ನಾನು ಬರುವವರೆಗೆ ತಡೆದುಕೊಂಡಿರುತ್ತಿದ್ದರು.

ಒಂದು ರಟ್ಟಿನ ಮೇಲೆ ಐದು ಶಬ್ದ ಬರೆದು ತಲೆದೆಸೆಗೆ ಅಂಟಿಸಿದೆ. ಒಂದಕ್ಕ, ಎರಡಕ್ಕ, ನೀರು, ನೋವು, ಸಾಕು. ಕನ್ನಡದ ಉಚ್ಚಾರವನ್ನೇ ದೇವನಾಗರಿಯಲ್ಲಿ ಬರೆದು, ಮುಂದೆ ಮರಾಠಿ ಅರ್ಥ, ಪಕ್ಕದಲ್ಲಿ ಒಂದು ಚಿತ್ರ. ಚಿತ್ರಗಳು ನನ್ನವೇ, ನೋವಿನ ಚಿತ್ರ ಹಲಸಿನಹಣ್ಣಿನಂತೆ ಬಂದಿತ್ತು. ವಾರದೊಳಗೆ ಇಡೀ ವಾರ್ಡಿನಲ್ಲಿ ಅದೇ ಭಾಷೆಯಾಯಿತು. ರತ್ನಾಗಿರಿಯ ಹುಡುಗ ಎರಡು ಗಂಟೆಗೆ ಬಂದು, "ಕಾಕಾ, ಒಂದಕ್ಕಾ?" ಎನ್ನುವನು. ಮೌಶಿ ಬೆಳಿಗ್ಗೆ ಬಂದು, "ಎರಡಕ್ಕಾ ಝಾಲ ಕಾ?" ಎನ್ನುವಳು. ಕನ್ನಡ ಉಳಿಸಿ ಬೆಳೆಸಿ ಎಂದು ನಮ್ಮ ಸಂಘದ ಸಭೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ಇಷ್ಟು ಬೇಗ ಬೆಳೆದದ್ದನ್ನು ಕಂಡಿರಲಿಲ್ಲ.

ಪಕ್ಕದ ಹಾಸಿಗೆಯ ಗುಜರಾತಿ ವ್ಯಾಪಾರಿಯ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಅವರಿಗೆ ಪೆಟ್ಟಾದದ್ದು ಮೆದುಳಿನ ಬಲಭಾಗಕ್ಕೆ. ಮಾತು ಚೊಕ್ಕವಾಗಿತ್ತು, ಲೆಕ್ಕ ಚೊಕ್ಕವಾಗಿತ್ತು, ಆದರೆ ಅವರ ಪಾಲಿಗೆ ಎಡಬದಿಯ ಜಗತ್ತೇ ಇರಲಿಲ್ಲ. ತಟ್ಟೆಯ ಬಲ ಅರ್ಧದ ಥೇಪ್ಲಾ ತಿಂದು, ಎಡ ಅರ್ಧದ್ದನ್ನು ಹಾಗೇ ಬಿಟ್ಟು, ಇಷ್ಟೇನಾ ಕೊಟ್ಟದ್ದು ಎಂದು ಜಗಳ ತೆಗೆಯುತ್ತಿದ್ದರು. ಗಾಲಿಕುರ್ಚಿಯ ಬಲ ಬ್ರೇಕ್ ಹಾಕುವರು, ಎಡ ಬ್ರೇಕ್ ನೆನಪಿಗೇ ಬಾರದು. ಎಡಪಾದ ಪಾದಪಟ್ಟಿಯ ಮೇಲೇ ಇರುವಾಗ ಎದ್ದು ನಿಲ್ಲಲು ಹೋಗುವರು. ನಾನು ನೋಡಿದಂತೆ ಮೂರು ಸಲ ಬಿದ್ದರು. ಪ್ರತಿ ಸಲವೂ ಕುರ್ಚಿ ಸರಿಯಿಲ್ಲ ಎನ್ನುವರು. ಅವರಿಗೆ ಭಯವೆಂಬುದೇ ಇರಲಿಲ್ಲ. ಇವರಿಗೆ ಭಯ ಬಿಟ್ಟು ಬೇರೇನೂ ಇರಲಿಲ್ಲ. ಇಬ್ಬರ ತಲೆದೆಸೆಗೂ ಅದೇ ಹಳದಿ ಚೀಟಿ!

ಆ ಚೀಟಿ ಒಂದು ಅಂಕಪಟ್ಟಿಯಿಂದ ಬರುತ್ತದೆ. ಮೋರ್ಸ್ ಎಂಬುವವರು ಮಾಡಿದ್ದು, ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಹಿಂದೆ ಬಿದ್ದಿದ್ದರೆ 25 ಅಂಕ, ಕೈಗೆ ಸಲೈನ್ ಸೂಜಿ ಇದ್ದರೆ 20, ಗೋಡೆ ಕುರ್ಚಿ ಹಿಡಿದು ನಡೆದರೆ 30, ತನ್ನ ಮಿತಿ ತನಗೆ ತಿಳಿಯದಿದ್ದರೆ 15. ಹೀಗೆ ಕೂಡಿಸಿ 45 ದಾಟಿದರೆ ಅನೇಕ ಕಡೆ ಹೆಚ್ಚಿನ ಅಪಾಯ ಎಂದು ಬರೆಯುತ್ತಾರೆ. ಒಳ್ಳೆಯದೇ. ಆದರೆ ಪುನಶ್ಚೇತನ ವಾರ್ಡಿನಲ್ಲಿ ಬಹುಪಾಲು ಎಲ್ಲರೂ 45 ದಾಟುತ್ತಾರೆ. ಎಲ್ಲರ ಹಣೆಗೂ ಹಳದಿ ಹಚ್ಚಿದ ಮೇಲೆ ಆ ಹಳದಿಗೆ ಬೆಲೆಯೇನು? ಚೀಟಿಯ ಕೆಳಗೆ, ಎಡ ಬ್ರೇಕ್ ನೋಡಿ ಎಂದೋ, ಎರಡು ಗಂಟೆಗೆ ಎಬ್ಬಿಸಿ ಎಂದೋ ಬರೆದಿದ್ದರೆ ಅದು ಉಪಯೋಗಕ್ಕೆ ಬರುತ್ತಿತ್ತು. ರೋಗಿಗಳು ಎಷ್ಟು ಬಿದ್ದರೆಂಬುದನ್ನು ನಮ್ಮ ದೇಶದ ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆಗೂ ಲೆಕ್ಕ ಹಿಡಿಯುತ್ತಾರೆ. ಹಿಡಿಯಲೇಬೇಕು. ಆದರೆ ಆ ಸಂಖ್ಯೆಯನ್ನು ಸೊನ್ನೆಗೆ ಇಳಿಸುವ ಅತಿ ಸುಲಭದ ದಾರಿ ಯಾರನ್ನೂ ಏಳಿಸದೇ ಇರುವುದು. ಎಷ್ಟು ಜನ ನಡೆದು ಮನೆಗೆ ಹೋದರು ಎಂಬ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಬೇಕು ಎಂದು ನನ್ನಂಥವಳಿಗೆ ಅನ್ನಿಸುತ್ತದೆ.

ಮತ್ತೆ ನಿಲ್ಲಿಸುವುದು ಸುಲಭವಾಗಲಿಲ್ಲ. ಮೊದಲ ದಿನ ಬರೀ ಅಂಚಿನಲ್ಲಿ ಕೂತರು, ಎರಡು ನಿಮಿಷ. ಎರಡನೆಯ ದಿನ ಐದು ನಿಮಿಷ. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ ಅದನ್ನು ಹಿಡಿದು ನಿಲ್ಲಿಸುತ್ತಿದ್ದರು. ನಾನು ಮಾಡುತ್ತಿದ್ದ ಹಾಗೆ ಬಲಹೀನ ತೋಳನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಬಂಕಾಪುರದ ನನ್ನ ಭಾವನಿಗೆ ಹಾಗೆಯೇ ಆಗಿತ್ತು. ಲಕ್ವದ ಜೊತೆ ಬಂದದ್ದು ಎಂದೇ ನಾವೆಲ್ಲ ತಿಳಿದಿದ್ದೆವು. ಈಗ ನೆನೆಸಿಕೊಂಡರೆ, ಅವರನ್ನು ಎಬ್ಬಿಸಲು ದಿನವೂ ತೋಳು ಹಿಡಿದು ಜಗ್ಗಿದವರು ನಾವೇ.

ಬಾರ್ ಬಿಟ್ಟು ಕೋಲು ಹಿಡಿದು ವಾರ್ಡಿನ ಓಣಿಯಲ್ಲಿ ನಡೆಯತೊಡಗಿದಾಗ ಇನ್ನೊಂದು ಗಮನಕ್ಕೆ ಬಂತು. ಎದುರಿಗೆ ಯಾರಾದರೂ ಬಂದು, "ಹ್ಯಾಂಗದೀರಿ?" ಎಂದರೆ ಇವರು ಗಕ್ಕನೆ ನಿಂತು ಓಲಾಡುತ್ತಿದ್ದರು. ಉತ್ತರ ಕೊಡುವುದಕ್ಕೂ ಹೆಜ್ಜೆ ಇಡುವುದಕ್ಕೂ ಒಟ್ಟಿಗೆ ಮೆದುಳು ಸಾಲುತ್ತಿರಲಿಲ್ಲ. ಇದನ್ನೂ ಅದೇ ಉಮಿಯೊದವರು ಬರೆದಿದ್ದಾರೆ! 1997ರಲ್ಲಿ ಲ್ಯಾನ್ಸೆಟ್‌ನಲ್ಲಿ. ನಡೆದಾಡಬಲ್ಲ 58 ವೃದ್ಧರ ಜೊತೆ ನಡೆಯುತ್ತ ಮಾತು ತೆಗೆದರಂತೆ. 12 ಮಂದಿ ಮಾತಾಡಲು ನಡಿಗೆ ನಿಲ್ಲಿಸಿದರು. ಆ 12ರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಯಂತ್ರ ಇಲ್ಲ, ಖರ್ಚು ಇಲ್ಲ. ಅಂದಿನಿಂದ ನೋಡಲು ಬಂದವರಿಗೆಲ್ಲ ನಾನು ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಕೂತ ಮೇಲೆ ಮಾತಾಡಿಸಿ. ಕೆಲವರಿಗೆ ಬೇಸರವಾಯಿತು. ಡೊಂಬಿವಲಿಯಿಂದ ಮಳೆಯಲ್ಲಿ ಎರಡು ರಿಕ್ಷಾ ಬದಲಿಸಿ ಬಂದವರಿಗೆ ಬಾಯಿ ಮುಚ್ಚಿ ಎಂದರೆ ಬೇಸರವಾಗದೆ ಇರುತ್ತದೆಯೇ?

ಮನೆಗೆ ಕಳಿಸುವ ಮೊದಲು ಆ ಹುಡುಗಿ ಚಾಪೆ ಹಾಸಿ ಒಂದು ವಿಚಿತ್ರ ಪಾಠ ಹೇಳಿಕೊಟ್ಟಳು. ಬಿದ್ದರೆ ಏಳುವುದು ಹೇಗೆ? ನಾನು ಮುಖ ಸಿಂಡರಿಸಿದೆ. ಮದುವೆಗೆ ಮೊದಲೇ ವಿಚ್ಛೇದನದ ಮಾತೇ? "ಮನ್ಯಾಗ ಒಮ್ಮೆ ಬೀಳತಾರ ಕಾಕೂ" ಎಂದಳು, ಹವಾಮಾನ ಹೇಳುವವರ ಧಾಟಿಯಲ್ಲಿ. ಬಿದ್ದಕೂಡಲೇ ಎಬ್ಬಿಸಲು ಧಾವಿಸಬಾರದು. ಮೊದಲು ಎಲ್ಲಿ ನೋವು ಎಂದು ಕೇಳಬೇಕು. ತಲೆಗೆ ತಾಗಿದ್ದರೆ, ಕಾಲು ತಿರುಚಿಕೊಂಡಿದ್ದರೆ, ಕದಲಿಸದೆ ಆಂಬುಲೆನ್ಸ್ ಕರೆಯಬೇಕು. ಏನೂ ಇಲ್ಲದಿದ್ದರೆ ಒಳ್ಳೆಯ ಬದಿಗೆ ಹೊರಳಿ, ಆ ಮೊಣಕೈ ಊರಿ ಏಳುವುದು. ನಂತರ ಮೊಣಕಾಲ ಮೇಲೆ ಬಂದು, ಎದುರಿಗೆ ಗಟ್ಟಿ ಕುರ್ಚಿ ಇಡಿಸಿಕೊಂಡು, ಒಳ್ಳೆಯ ಕೈಯನ್ನು ಅದರ ಮೇಲೆ, ಒಳ್ಳೆಯ ಪಾದವನ್ನು ಮುಂದೆ ಊರಿ, ಒತ್ತಿ, ತಿರುಗಿ ಕೂರುವುದು. ಕುರ್ಚಿ ಹಿಡಿದು ನಿಲ್ಲುವುದಷ್ಟೇ ನಮ್ಮ ಕೆಲಸ. ನಾಲ್ಕು ದಿನ ಇದನ್ನೇ ಮಾಡಿಸಿದಳು. ಮೊದಲ ದಿನ ಇವರು ನೆಲಕ್ಕೆ ಇಳಿಯಲೇ ಒಪ್ಪಲಿಲ್ಲ. ಮೂರನೆಯ ದಿನ ಎದ್ದು ಕೂತು ನನ್ನತ್ತ ನೋಡಿ ನಕ್ಕರು, ಪಾರ್ಶ್ವವಾಯು ಆದಂದಿನಿಂದ ಮೊದಲ ಸಲ, ಅರ್ಧ ಬಾಯಿಯಲ್ಲಿ. ಹಾಸಿಗೆಯ ಕಂಬಿಯನ್ನು ಹಿಡಿದುಕೊಳ್ಳುವುದನ್ನು ಅವರು ಬಿಟ್ಟದ್ದು ಆಮೇಲೆ.

ಆ ಹನ್ನೆರಡು ದಿನ ಇದ್ದಿದ್ದರೆ ಈಗ ಎಷ್ಟು ಸುಧಾರಿಸಿರುತ್ತಿದ್ದರು ಎಂದು ಯಾರೂ ಹೇಳಲಾರರು. ಪಾದದ ಬಿಗಿತ ಪೂರ್ತಿ ಹೋಗಿಲ್ಲ, ಪಟ್ಟಿ ಹಾಕಿಕೊಂಡೇ ನಡೆಯಬೇಕು. ಅದನ್ನು ಬಿಗಿಯುವಾಗ ದಿನವೂ ಆ ಮಾತು ನೆನಪಾಗುತ್ತದೆ, "ಬ್ಯಾಡವಾ, ಇನ್ನೊಂದು ವಾರ ಹೋಗಲಿ." ಆಸ್ಪತ್ರೆಯ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ನನ್ನ ಮೇಲಿನದೂ ಹೋಗಿಲ್ಲ.

ಮನೆಯಲ್ಲಿ ಸ್ನಾನದ ಮನೆಗೆ ಹಿಡಿಕಂಬಿ ಹಾಕಿಸಿದ್ದೇವೆ, ಕಾಲೊರಸು ಚಾಪೆಗಳನ್ನೆಲ್ಲ ತೆಗೆದಿದ್ದೇವೆ, ದೇವರ ಮುಂದಿನ ಮಣೆಯನ್ನೂ. ಹೋದ ಮಂಗಳವಾರ ಸಂಜೆ ಆದರೂ ಬಿದ್ದರು. ಸೋಫಾದಿಂದ ಏಳುವಾಗ ಬಲಗಾಲು ಒಳಗೆ ಮಡಚಿ, ಮೆಲ್ಲಗೆ ಬದಿಗೆ ಜಾರಿ ಕೂತಂತೆ ನೆಲಕ್ಕೆ ಬಂದರು. ನಾನು ಅಡಿಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತೆ. ತೋಳು ಹಿಡಿಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನೋವು? ಎಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು. ಊಟದ ಮೇಜಿನ ಕುರ್ಚಿ ತಂದು ಎದುರಿಗಿಟ್ಟು ಎರಡೂ ಕೈಯಿಂದ ಹಿಡಿದೆ. ಕೆಳಗಿನ ರಸ್ತೆಯಲ್ಲಿ ತರಕಾರಿಯವನು ಎರಡು ಸಲ ಕೂಗಿ ಹೋದ. ಮೊದಲ ಸಲ ಮೊಣಕಾಲವರೆಗೆ ಬಂದು ಮತ್ತೆ ಕೂತರು. ಎರಡನೆಯ ಸಲವೂ ಹಾಗೇ. ನಾನು ಗಡಿಯಾರ ನೋಡಿದೆ, ಹನ್ನೊಂದು ನಿಮಿಷವಾಗಿತ್ತು, ಅವರು ಕುರ್ಚಿಯಲ್ಲಿದ್ದರು, ಅಂಗಿ ಬೆವರಿನಿಂದ ತೊಯ್ದಿತ್ತು.

"ಚಹಾ" ಎಂದರು. ಆ ರಟ್ಟಿನ ಮೇಲೆ ನಾನು ಬರೆದಿರದ ಶಬ್ದ ಅದು.